ಕಾಫಿ ತಗೊಳ್ಳದೆ ಕೂತವರು

(ಕಾನೂನು ವಿದ್ಯಾರ್ಥಿಗಳ ಒಂದು ಸಂಜೆ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಓಟ ಕೆಡದ ಹಾಗೆ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರುವ ಮುಂಚೆ ನಾವು ಮೂರು ಜನ ಪಕ್ಕದ ಹೋಟೆಲಿನಲ್ಲಿ ಕೂತಿದ್ದೆವು. ಒಂದು ಬೈ-ಟು ಕಾಫಿ ಹೇಳಿದೆವು. ಮೂರನೆಯವರಿಗೆ ಹೊಟ್ಟೆ ಸರಿಯಿರಲಿಲ್ಲ, ಏನೂ ಬೇಡ ಅಂದರು. ಮುಕ್ಕಾಲು ಗಂಟೆ ಹರಟಿದೆವು. ಹುಡುಗ ಬಂದು ಟೇಬಲ್ ಒರೆಸಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒರೆಸಿದ. ಮೂರನೇ ಸಲ ಬಂದಾಗ ನಾವೇ ಎದ್ದೆವು. ನಮ್ಮ ಕಡೆ "ಎದ್ದೇಳಿ" ಅಂತ ಬಾಯಿಬಿಟ್ಟು ಹೇಳುವುದು ಕಮ್ಮಿ. ಒರೆಸುವ ಬಟ್ಟೆಯಲ್ಲೇ ಹೇಳಿ ಮುಗಿಸುತ್ತಾರೆ.

ಇವತ್ತು ನಾನು ಹೇಳಲು ಬಂದಿರುವುದು ಬಟ್ಟೆಯ ಬದಲು ಫೋನ್ ಎತ್ತಿಕೊಂಡ ಒಂದು ಕಾಫಿ ಅಂಗಡಿಯ ಕಥೆ. ಅಮೆರಿಕದ ಫಿಲಡೆಲ್ಫಿಯಾ ನಗರ. 2018ರ ಏಪ್ರಿಲ್ 12, ಗುರುವಾರ. ರಿಟನ್‌ಹೌಸ್ ಸ್ಕ್ವೇರ್ ಹತ್ತಿರ, ಹದಿನೆಂಟನೇ ರಸ್ತೆ ಮತ್ತು ಸ್ಪ್ರೂಸ್ ರಸ್ತೆ ಸೇರುವ ಮೂಲೆಯಲ್ಲಿ ಒಂದು ಸ್ಟಾರ್‌ಬಕ್ಸ್. ಸಿರಿವಂತರ ಬಡಾವಣೆ. ಸಂಜೆ 4:35ರ ಸುಮಾರಿಗೆ ಇಬ್ಬರು ಹುಡುಗರು ಒಳಗೆ ಬಂದರು. ಇಬ್ಬರಿಗೂ 23 ವರ್ಷ, ಇಬ್ಬರೂ ಕಪ್ಪು ಜನ. ಒಂದು ವ್ಯಾಪಾರದ ಮಾತುಕತೆಗೆ ಒಬ್ಬರನ್ನು ಕಾಯುತ್ತಿದ್ದರು. ಭೇಟಿ ಇದ್ದದ್ದು 4:45ಕ್ಕೆ. ಹತ್ತು ನಿಮಿಷ ಮುಂಚೆಯೇ ಬಂದಿದ್ದರು, ಪಾಪ.

ಒಬ್ಬ ಟಾಯ್ಲೆಟ್ ಬಳಸಬಹುದಾ ಅಂತ ಕೇಳಿದ. ಏನಾದರೂ ಕೊಂಡವರಿಗೆ ಮಾತ್ರ ಅಂದರು. ಸರಿ ಅಂತ ಹೋಗಿ ಕೂತ. 4:37ಕ್ಕೆ ಅಂಗಡಿಯ ಬಿಳಿಯ ಮ್ಯಾನೇಜರ್ 911ಕ್ಕೆ ಫೋನ್ ಮಾಡಿದರು. ನಮ್ಮಲ್ಲಿ 112 ಇದ್ದ ಹಾಗೆ ಅಲ್ಲಿ 911. ಇಬ್ಬರು ಮಹನೀಯರು ಏನೂ ಕೊಳ್ಳುತ್ತಿಲ್ಲ, ಹೊರಗೂ ಹೋಗುತ್ತಿಲ್ಲ ಅನ್ನುವುದು ಅವರ ದೂರು. ಬಂದು ಕೂತು ಎರಡೇ ನಿಮಿಷ. ನಮ್ಮ ಹೋಟೆಲಿನಲ್ಲಿ ಅಷ್ಟು ಹೊತ್ತಿಗೆ ನೀರಿನ ಲೋಟವೂ ಬಂದಿರುವುದಿಲ್ಲ.

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಫೋನಿನಲ್ಲಿ ಮ್ಯಾನೇಜರ್ ಹೇಳಿದ್ದು "ಇಬ್ಬರು" ಅಂತ, ಅದೂ ಮರ್ಯಾದೆಯ ಮಾತಿನಲ್ಲೇ. ಅದು ಪೊಲೀಸ್ ರೇಡಿಯೊದಲ್ಲಿ ದಾಟುತ್ತಾ ದಾಟುತ್ತಾ "ಗಂಡಸರ ಗುಂಪು, ಗಲಾಟೆ" ಆಯಿತು. ಊರ ಮುಂದೆ ನಾಯಿ ಬೊಗಳಿತು ಅಂದರೆ ಊರ ಹಿಂದೆ ಹುಲಿ ಬಂತು ಅನ್ನುತ್ತಾರಲ್ಲ, ಹಾಗೆ. ಬಂದ ಪೊಲೀಸರು ಗುಂಪನ್ನು ಎದುರಿಸುವ ಮನಸ್ಸಿನಲ್ಲೇ ಬಂದಿರುತ್ತಾರೆ. ಅಂಗಡಿಯೊಳಗೆ ತೆಗೆದ ವೀಡಿಯೊದಲ್ಲಿ ಆರು ಮಂದಿಯಾದರೂ ಪೊಲೀಸರು ಕಾಣುತ್ತಾರೆ. ಗುಂಪು ಅಂತ ಒಂದು ಇದ್ದಿದ್ದರೆ ಅದು ಪೊಲೀಸರದೇ.

ಹೊರಗೆ ಹೋಗಿ ಅಂತ ಪೊಲೀಸರು ಮೂರು ಸಲ ಕೇಳಿದರು. ನಾವು ಒಬ್ಬರನ್ನು ಕಾಯುತ್ತಿದ್ದೇವೆ ಅಂತ ಹುಡುಗರು ಹೇಳಿದರು. ಅಷ್ಟರಲ್ಲಿ ಅವರು ಕಾಯುತ್ತಿದ್ದ ಬಿಳಿಯ ವ್ಯಾಪಾರಿ ಬಂದೇಬಿಟ್ಟರು. ಇವರನ್ನು ಯಾಕೆ ಹಿಡಿಯುತ್ತಿದ್ದೀರಿ, ಇಬ್ಬರು ಕಪ್ಪು ಹುಡುಗರು ಕೂತಿದ್ದಾರೆ ಅಂತಲಾ ಅಂತ ಅವರೇ ಕೇಳಿದರು. ಸುತ್ತ ಕೂತಿದ್ದ ಗಿರಾಕಿಗಳೂ ಇವರೇನೂ ಮಾಡಿಲ್ಲ ಅಂದರು. ಆದರೂ ಟ್ರೆಸ್‌ಪಾಸ್, ಅಂದರೆ ಅತಿಕ್ರಮ ಪ್ರವೇಶ, ಅಂತ ಕೈಕೋಳ ಹಾಕಿ ಕರೆದುಕೊಂಡು ಹೋದರು. ಹುಡುಗರು ತಿರುಗಿ ಬೀಳಲಿಲ್ಲ. ಮಧ್ಯರಾತ್ರಿ ದಾಟಿದ ಮೇಲೆ ಬಿಟ್ಟರು. ಕೇಸು ಹಾಕಲು ಸಾಕಷ್ಟು ಸಾಕ್ಷ್ಯವಿಲ್ಲ ಅಂತ ಸರ್ಕಾರಿ ವಕೀಲರ ಕಚೇರಿ ಕೈಬಿಟ್ಟಿತು.

ಘಟನೆ ಇಷ್ಟೇ. ಒಂದು ಹನಿ ರಕ್ತ ಇಲ್ಲ, ಗುಂಡಿನ ಸದ್ದಿಲ್ಲ. ಹಾಗಾದರೆ ಇದನ್ನೇ ಯಾಕೆ ಆರಿಸಿಕೊಂಡೆ? ಗುಂಡು ಹಾರಿದ ಕಡೆ "ಜೀವಭಯವಿತ್ತು" ಅನ್ನುವ ಮಾತು ಅಡ್ಡ ಬರುತ್ತದೆ. ಇಲ್ಲಿ ಅಂಥದ್ದೇನೂ ಇಲ್ಲ. ಪೊಲೀಸರು ಏನು ಬೇಕಾದರೂ ಮಾಡಬಹುದಿತ್ತು, ಏನೂ ಮಾಡದೆಯೂ ಇರಬಹುದಿತ್ತು. ವಿವೇಚನೆ ಅಂದರೆ ಏನು ಅಂತ ನೋಡಬೇಕಾದರೆ ಇಷ್ಟು ತಿಳಿಯಾದ ಕೇಸು ಸಿಗುವುದಿಲ್ಲ.

ಆಗಿನ ಪೊಲೀಸ್ ಕಮಿಷನರ್ ರಿಚರ್ಡ್ ರಾಸ್. ಅವರೂ ಕಪ್ಪು ಜನಾಂಗದವರೇ. ಮೊದಲು ಅವರು ವೀಡಿಯೊ ಹೇಳಿಕೆ ಕೊಟ್ಟು, ನಮ್ಮ ಅಧಿಕಾರಿಗಳು ಏನೇನೂ ತಪ್ಪು ಮಾಡಿಲ್ಲ ಅಂದರು. ಅಂಗಡಿಯವರು ಕರೆದರು, ಹುಡುಗರು ಹೋಗಲಿಲ್ಲ, ಹಿಡಿದರು. ವಾದ ಅಷ್ಟೇ. ಏಪ್ರಿಲ್ 19ಕ್ಕೆ ಅದೇ ಕಮಿಷನರ್ ಪತ್ರಕರ್ತರ ಮುಂದೆ ಬಂದು ಕ್ಷಮೆ ಕೇಳಿದರು. ಆಗ ಅವರು ಆಡಿದ ಒಂದು ಮಾತನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಅಧಿಕಾರಿಗಳು ಕಾನೂನಿನ ಚೌಕಟ್ಟಿನಲ್ಲೇ ನಡೆದುಕೊಂಡರು ಅಂತ ನಾನು ಹೇಳಬೇಕಿತ್ತು, ತಪ್ಪು ಮಾಡಿಲ್ಲ ಅಂತ ಹೇಳಬಾರದಿತ್ತು ಅನ್ನುವ ಅರ್ಥದ ಮಾತು. ಕಾನೂನಿನ ಒಳಗಿರುವುದು ಬೇರೆ, ತಪ್ಪಿಲ್ಲದಿರುವುದು ಬೇರೆ. ಒಬ್ಬ ಪೊಲೀಸ್ ಮುಖ್ಯಸ್ಥ ಇದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದು ಅಪರೂಪ. ಸ್ಟಾರ್‌ಬಕ್ಸಿನಲ್ಲಿ ಜನ ಗಂಟೆಗಟ್ಟಲೆ ಸುಮ್ನೆ ಕೂರುತ್ತಾರೆ ಅನ್ನುವುದೇ ತನಗೆ ಗೊತ್ತಿರಲಿಲ್ಲ ಅಂತಲೂ ಅವರು ಹೇಳಿದರು. ಇದನ್ನು ಓದಿದಾಗ ನನಗೆ ನಗು ಬಂತು. ನನ್ನ ಅಕ್ಕನ ಮಗ ನ್ಯೂಜೆರ್ಸಿಯಲ್ಲಿ ಓದುತ್ತಿದ್ದಾಗ ಒಂದು ಕಾಫಿ ಕೊಂಡು ಇಡೀ ದಿನ ಅಂಥ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿರುತ್ತಿದ್ದ. ಆ ಕಂಪನಿಯೇ ತನ್ನನ್ನು ಮನೆ, ಆಫೀಸು ಬಿಟ್ಟರೆ ನಿಮ್ಮ ಮೂರನೇ ಜಾಗ ಅಂತ ಹೇಳಿಕೊಂಡು ಬೆಳೆದದ್ದು.

ಈಗ ನನ್ನ ಮಾತಿನ ಮುಖ್ಯ ಎಳೆಗೆ ಬರುತ್ತೇನೆ. ಇಂಥ ಕೇಸು ಆದಾಗಲೆಲ್ಲ ಅಂಗಡಿಯವರು ಹೇಳುವುದು, ನಾವು ಫೋನ್ ಮಾಡಿದೆವು ಅಷ್ಟೇ, ಹಿಡಿದದ್ದು ಪೊಲೀಸರು. ಪೊಲೀಸರು ಹೇಳುವುದು, ನಾವು ಹೋದೆವು ಅಷ್ಟೇ, ಕರೆದದ್ದು ಅಂಗಡಿಯವರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಇವರಿಬ್ಬರ ನಡುವೆ ಆ ಹುಡುಗರನ್ನು ಜೈಲಿಗೆ ಹಾಕಬೇಕು ಅಂತ ತೀರ್ಮಾನ ಮಾಡಿದವರು ಯಾರೂ ಇಲ್ಲದ ಹಾಗಾಯಿತು, ಅಲ್ವಾ? ತೀರ್ಮಾನ ತಾನಾಗಿ ಆಯಿತು. ಅಂಗಡಿಯವರ ಅನುಮಾನ ಒಂದು ಕಡೆಯಿಂದ ಒಳಗೆ ಹೋಗಿ, ಇನ್ನೊಂದು ಕಡೆಯಿಂದ ಸರ್ಕಾರದ ಕೈಕೋಳವಾಗಿ ಹೊರಗೆ ಬಂತು.

ಇದು 2018ರಲ್ಲಿ ಹುಟ್ಟಿದ್ದಲ್ಲ. 1960ಕ್ಕೆ ಹೋಗೋಣ. ಆ ವರ್ಷ ಫೆಬ್ರವರಿ 1ಕ್ಕೆ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ಕು ಕಪ್ಪು ವಿದ್ಯಾರ್ಥಿಗಳು ವೂಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಕೂತರು. ಅಂಗಡಿಯಲ್ಲಿ ಅವರು ಪೆನ್ನು, ಪುಸ್ತಕ ಕೊಳ್ಳಬಹುದಿತ್ತು. ಕೂತು ಕಾಫಿ ಕುಡಿಯುವ ಹಾಗಿರಲಿಲ್ಲ. ಕಿಡಿ ಹತ್ತಿತು. ದಕ್ಷಿಣದ ಊರೂರುಗಳಲ್ಲಿ ವಿದ್ಯಾರ್ಥಿಗಳು ಹೀಗೆ ಹೋಗಿ ಕೂರತೊಡಗಿದರು. ಅವರನ್ನು ಹಿಡಿಯಲು ಪೊಲೀಸರು ಯಾವ ಕಾನೂನು ಬಳಸಿದರು? ಎಷ್ಟೋ ಕಡೆ ಇದೇ ಟ್ರೆಸ್‌ಪಾಸ್ ಕಾನೂನು. ಕಪ್ಪು ಜನ ಕೂರಬಾರದು ಅಂತ ಬರೆಯಬೇಕಾಗಿಯೇ ಇರಲಿಲ್ಲ. ಮಾಲೀಕ ಹೋಗಿ ಅಂದ, ಇವರು ಹೋಗಲಿಲ್ಲ. ಮುಗಿಯಿತು.

ದಕ್ಷಿಣ ಕೆರೊಲಿನಾದ ಕೊಲಂಬಿಯಾದಲ್ಲಿ ಆದದ್ದು ಕೇಳಿ. 1960ರ ಮಾರ್ಚ್ 14. ಇಬ್ಬರು ಕಾಲೇಜು ಹುಡುಗರು ಒಂದು ಔಷಧಿ ಅಂಗಡಿಯ ಊಟದ ಭಾಗದಲ್ಲಿ ಹೋಗಿ ಕೂತರು. ಅವರು ಕೂತ ಮೇಲೆ ಅಂಗಡಿಯ ಕೆಲಸದವನೊಬ್ಬ ಬಂದು ಒಂದು ಸರಪಳಿ ಕಟ್ಟಿದ. ಅದರಲ್ಲಿ ಅತಿಕ್ರಮ ಪ್ರವೇಶ ನಿಷೇಧ ಅನ್ನುವ ಬೋರ್ಡು. ಒಳಗೆ ಬಂದು ಕೂತವರ ಹಿಂದೆ ಬೋರ್ಡು! ಆಗ ಇದ್ದ ಕಾನೂನು ಹೇಳುತ್ತಿದ್ದದ್ದು, ಬರಬೇಡಿ ಅಂತ ತಿಳಿಸಿದ ಮೇಲೂ ಒಳಗೆ ಬಂದರೆ ಅಪರಾಧ ಅಂತ. ಬಂದ ಮೇಲೆ ಹೊರಡದೇ ಇರುವುದು ಅದರಲ್ಲಿ ಇರಲೇ ಇಲ್ಲ. ಎರಡು ತಿಂಗಳ ಮೇಲೆ ರಾಜ್ಯದ ಶಾಸನಸಭೆ ಅದಕ್ಕೂ ಒಂದು ಹೊಸ ಕಾನೂನು ಮಾಡಿತು. ಈ ಹುಡುಗರ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1964ರ ಜೂನ್ 22ಕ್ಕೆ ರದ್ದು ಮಾಡಿತು. ಮಾಡುವ ಹೊತ್ತಿನಲ್ಲಿ ಅಪರಾಧ ಅಂತ ಗೊತ್ತಾಗದ ಕೆಲಸಕ್ಕೆ ಆಮೇಲೆ ಅರ್ಥ ಹಿಗ್ಗಿಸಿ ಶಿಕ್ಷೆ ಕೊಡುವ ಹಾಗಿಲ್ಲ ಅಂದಿತು.

ಅದೇ ದಿನ ಇನ್ನೊಂದು ತೀರ್ಪೂ ಬಂತು. ಬೆಲ್ ವರ್ಸಸ್ ಮೇರಿಲ್ಯಾಂಡ್. ಬಾಲ್ಟಿಮೋರಿನ ಹೂಪರ್ಸ್ ಅನ್ನುವ ಹೋಟೆಲಿನಲ್ಲಿ ಕೂತು ಟ್ರೆಸ್‌ಪಾಸ್ ಅಂತ ಶಿಕ್ಷೆಗೊಳಗಾದ ಹನ್ನೆರಡು ವಿದ್ಯಾರ್ಥಿಗಳ ಕೇಸು. ಅದರ ನಡುವೆ ಇದ್ದದ್ದು ನಮ್ಮ ಇವತ್ತಿನದೇ ಪ್ರಶ್ನೆ. ಮಾಲೀಕನ ಬಣ್ಣದ ಭೇದವನ್ನು ಪೊಲೀಸರೂ ಕೋರ್ಟೂ ಜಾರಿ ಮಾಡಿಕೊಟ್ಟರೆ, ಅದು ಮಾಲೀಕನ ಖಾಸಗಿ ಭೇದವೋ ಸರ್ಕಾರದ ಭೇದವೋ? ನ್ಯಾಯಮೂರ್ತಿಗಳು ಒಡೆದು ಮೂರು ಪಾಲಾದರು. ಅಷ್ಟರೊಳಗೆ ಬಾಲ್ಟಿಮೋರಿನಲ್ಲೂ ಮೇರಿಲ್ಯಾಂಡಿನಲ್ಲೂ ಹೋಟೆಲಿನ ಭೇದ ನಿಷೇಧಿಸುವ ಕಾನೂನು ಬಂದಿದೆ, ಅದರ ಬೆಳಕಿನಲ್ಲಿ ಮತ್ತೆ ನೋಡಿ ಅಂತ ಕೇಸನ್ನು ರಾಜ್ಯದ ಕೋರ್ಟಿಗೆ ವಾಪಸ್ ಕಳಿಸಿದರು. ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಹತ್ತು ದಿನಕ್ಕೆ, ಜುಲೈ 2ಕ್ಕೆ, ಇಡೀ ದೇಶಕ್ಕೆ ಅನ್ವಯಿಸುವ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಬಿತ್ತು. ಹೋಟೆಲು, ವಸತಿಗೃಹ, ಸಿನಿಮಾ ಮಂದಿರಗಳಲ್ಲಿ ಬಣ್ಣ ನೋಡಿ ಆಚೆ ಕಳಿಸುವ ಹಾಗಿಲ್ಲ ಅಂತಾಯಿತು. ಇನ್ನು ಆ ಪ್ರಶ್ನೆ ಯಾರಿಗೆ ಬೇಕು ಅಂತ ಎಲ್ಲರೂ ಅಂದುಕೊಂಡರು.

ಒಂದು ಉಪಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಆ ಕೇಸಿನ ರಾಬರ್ಟ್ ಬೆಲ್ ಆಗ ಹದಿನಾರು ವರ್ಷದ ಹೈಸ್ಕೂಲು ಹುಡುಗ. ಅವನ ಶಿಕ್ಷೆಯನ್ನು ಎತ್ತಿ ಹಿಡಿದದ್ದು ಮೇರಿಲ್ಯಾಂಡಿನ ಅತ್ಯುನ್ನತ ನ್ಯಾಯಾಲಯ. 1996ರಲ್ಲಿ ಅದೇ ನ್ಯಾಯಾಲಯಕ್ಕೆ ಅವರು ಮುಖ್ಯ ನ್ಯಾಯಾಧೀಶರಾದರು. 2013ರವರೆಗೂ ಇದ್ದರು.

ಇರಲಿ. 1964ರ ಮೇಲೆ ಏನಾಯಿತು? ನೀನು ಕಪ್ಪಗಿದ್ದೀಯ, ಹೋಗು ಅನ್ನುವುದು ನಿಂತಿತು. ನೀನು ಏನೂ ಕೊಂಡಿಲ್ಲ, ಹೋಗು ಅನ್ನುವುದು ಉಳಿಯಿತು. ಎರಡನೆಯದರಲ್ಲಿ ತಪ್ಪೇನೂ ಇಲ್ಲ. ಬಾಡಿಗೆ ಕಟ್ಟುವವರು ಅವರು, ಕುರ್ಚಿ ಅವರದು. ಆದರೆ ಇಂಥ ನಿಯಮ ಗೋಡೆಯ ಮೇಲೆ ಎಲ್ಲರಿಗೂ ಒಂದೇ ಥರ ನೇತಾಡುತ್ತಿರುತ್ತದೆ. ಅದು ನೆನಪಾಗುವುದು ಮಾತ್ರ ಕೆಲವರ ಮುಖ ಕಂಡಾಗ. ಅಂದಿನ ಆ ಅಂಗಡಿಯಲ್ಲಿದ್ದ ಬಿಳಿಯ ಗಿರಾಕಿಯೊಬ್ಬರು ಆಮೇಲೆ, ನಾವು ಹೀಗೆ ಏನೂ ಕೊಳ್ಳದೆ ಕೂತಾಗ ನಮ್ಮನ್ನು ಯಾರೂ ಕೇಳಿದ್ದಿಲ್ಲವಲ್ಲ ಅಂತ ಅಚ್ಚರಿಪಟ್ಟರು. ಭೇದವನ್ನು ನಿಯಮದಲ್ಲಿ ಹುಡುಕಿದರೆ ಸಿಗುವುದಿಲ್ಲ. ಫೋನ್ ಎತ್ತುವ ಕೈಯಲ್ಲಿ ಹುಡುಕಬೇಕು.

ಪೊಲೀಸರ ವಿವೇಚನೆ ಮುಖ್ಯವಾಗುವುದು ಇಲ್ಲೇ. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದ ಕಾನೂನಿನಲ್ಲಿ ಈ ಅಪರಾಧಕ್ಕೆ ಹೆಸರು "ಡಿಫಯಂಟ್ ಟ್ರೆಸ್‌ಪಾಸ್". ಹೋಗು ಅಂದರೂ ಹೋಗದೆ ಸೆಟೆದು ನಿಲ್ಲುವುದು. ಅದೇ ಕಾನೂನಿನಲ್ಲಿ ಒಂದು ರಕ್ಷಣೆಯೂ ಇದೆ. ಆ ಜಾಗ ಆಗ ಸಾರ್ವಜನಿಕರಿಗೆ ತೆರೆದಿತ್ತು, ಅಲ್ಲಿರಲು ಹಾಕಿದ ನ್ಯಾಯಬದ್ಧ ಷರತ್ತುಗಳನ್ನು ಈ ವ್ಯಕ್ತಿ ಪಾಲಿಸಿದ್ದ ಅಂತ ತೋರಿಸಿದರೆ ಅಪರಾಧವಲ್ಲ. ಅಂದರೆ ಬಂದ ಪೊಲೀಸಿನವರು ಎರಡು ಮಾತು ಕೇಳಬಹುದಿತ್ತು. ಇಲ್ಲಿ ಕೂರಲು ಷರತ್ತೇನು? ಅದೋ ಅಲ್ಲಿ ಖಾಲಿ ಟೇಬಲ್ ಇಟ್ಟುಕೊಂಡು ಕೂತಿರುವವರಿಗೂ ಅದೇ ಷರತ್ತಾ? ಎರಡನೇ ಪ್ರಶ್ನೆಗೆ ಮ್ಯಾನೇಜರ್ ತಡವರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಯಾರಾದರೂ ಒಬ್ಬರು "ಒಂದು ಕಾಫಿ ಹೇಳಿಬಿಡಿ ಮಾರಾಯ್ರೆ" ಅಂದಿದ್ದರೂ ಸಾಕಿತ್ತು.

ಪೊಲೀಸರ ಕಡೆಯಿಂದಲೂ ನೋಡಬೇಕು. ಅಂಗಡಿ ಇಟ್ಟವರಿಗೆ ಕುಡಿದು ಬರುವವರು, ಹೆದರಿಸುವವರು, ಕದಿಯುವವರು ಇದ್ದೇ ಇರುತ್ತಾರೆ. ಕರೆದರೆ ಪೊಲೀಸರು ಬರಬೇಕು. ರೇಡಿಯೊದಲ್ಲಿ ಒಂದು ಸಾಲು ಕೇಳಿಕೊಂಡು ಬಂದವರು ಅಲ್ಲಿ ತನಿಖೆ ನಡೆಸುತ್ತಾ ಕೂರಲು ಆಗುವುದಿಲ್ಲ. ಜೊತೆಗೆ ಅಮೆರಿಕದ ಸುಪ್ರೀಂ ಕೋರ್ಟು 2001ರ ಅಟ್‌ವಾಟರ್ ಕೇಸಿನಲ್ಲಿ, ಬರೀ ದಂಡ ಹಾಕುವಷ್ಟು ಸಣ್ಣ ಅಪರಾಧಕ್ಕೂ ಪೊಲೀಸರು ಬಂಧಿಸಬಹುದು ಅಂದಿದೆ. ಅದು ಸೀಟ್ ಬೆಲ್ಟ್ ಹಾಕದ ಒಬ್ಬ ತಾಯಿಯ ಕೇಸು. ಹೀಗಾಗಿ ಬಂಧಿಸುವ ಬಾಗಿಲು ಸದಾ ತೆರೆದೇ ಇರುತ್ತದೆ. ನಾನು ಒಪ್ಪದಿರುವುದು ನಮಗೆ ಬೇರೆ ದಾರಿಯೇ ಇರಲಿಲ್ಲ ಅನ್ನುವ ಮಾತನ್ನು. ಬಂಧಿಸಬಹುದು ಅಂತಿದೆ. ಬಂಧಿಸಲೇಬೇಕು ಅಂತ ಎಲ್ಲಿದೆ?

ಅಂಗಡಿಯವರು ಬೇಡ ಅಂದರೂ ಹಿಡಿದ ಕಥೆ ಬೇಕಾದರೆ ಫ್ಲಾರಿಡಾದ ಮಯಾಮಿ ಗಾರ್ಡನ್ಸ್ ಇದೆ. ಕಪ್ಪು ಜನರೇ ಹೆಚ್ಚಿರುವ ಊರು. ಅಲ್ಲಿನ ಪೊಲೀಸರು ಅಂಗಡಿಗಳಿಗೆ ಒಂದು ಯೋಜನೆ ತಂದರು. ಸಹಿ ಹಾಕಿ ಬೋರ್ಡು ಅಂಟಿಸಿದರೆ, ಅಂಗಡಿ ಸುತ್ತ ಸುಮ್ಮನೆ ನಿಂತವರನ್ನು ಟ್ರೆಸ್‌ಪಾಸ್ ಅಂತ ಪೊಲೀಸರೇ ಹಿಡಿಯುತ್ತಾರೆ, ಮಾಲೀಕ ಪ್ರತಿ ಸಲ ಕರೆಯಬೇಕಾಗಿಲ್ಲ. ಒಬ್ಬ ದಿನಸಿ ಅಂಗಡಿಯವನು ಸಹಿ ಹಾಕಿದ. ಆಮೇಲೆ ನೋಡಿದರೆ ಅವನ ಗಿರಾಕಿಗಳನ್ನೇ ಹಿಡಿಯುತ್ತಿದ್ದಾರೆ. ಅವನ ಹತ್ತಿರ ಕೆಲಸಕ್ಕಿದ್ದ ಒಬ್ಬ ಕಪ್ಪು ಯುವಕನನ್ನು ಪೊಲೀಸರು ನಾಲ್ಕು ವರ್ಷದಲ್ಲಿ 258 ಸಲ ತಡೆದು ಪ್ರಶ್ನಿಸಿದರು, 56 ಸಲ ಜೈಲಿಗೆ ಹಾಕಿದರು. ಎಷ್ಟೋ ಸಲ ಅವನ ಮೇಲಿದ್ದ ಆರೋಪ, ತಾನು ಕೆಲಸ ಮಾಡುವ ಅಂಗಡಿಯಲ್ಲೇ ಅತಿಕ್ರಮ ಪ್ರವೇಶ! ಇವನು ನಮ್ಮ ಕೆಲಸದವನು ಅಂತ ಮಾಲೀಕ ಬಡಿದುಕೊಂಡರೂ ಕೇಳಲಿಲ್ಲ. ಕೊನೆಗೆ ಮಾಲೀಕ ಅಂಗಡಿಯಲ್ಲಿ ಕ್ಯಾಮೆರಾಗಳನ್ನು ಹಾಕಿಸಿದ. ಕಳ್ಳರನ್ನು ಹಿಡಿಯಲಿಕ್ಕಲ್ಲ, ಪೊಲೀಸರನ್ನು ಹಿಡಿಯಲಿಕ್ಕೆ. 2013ರಲ್ಲಿ ಮಯಾಮಿ ಹೆರಾಲ್ಡ್ ಪತ್ರಿಕೆ ಇದನ್ನು ಬಯಲಿಗೆ ತಂದಿತು.

ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಇದರದ್ದೇ ಇನ್ನೊಂದು ರೂಪ, ವಸತಿ ಕಟ್ಟಡಗಳಲ್ಲಿ. ತಮ್ಮ ಮನೆಯಿಂದ ಇಳಿದು ಬಂದವರನ್ನೇ ಪೊಲೀಸರು ತಡೆಯುತ್ತಿದ್ದರು. ಅಂಥ ಕಟ್ಟಡಗಳ ಹೊರಗೆ ಸಕಾರಣವಾದ ಅನುಮಾನವಿಲ್ಲದೆ ತಡೆಯುವುದು ಸಂವಿಧಾನಕ್ಕೆ ವಿರುದ್ಧ ಅಂತ 2013ರ ಜನವರಿಯಲ್ಲಿ ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ಹೇಳಿದರು.

ಮತ್ತೆ ಫಿಲಡೆಲ್ಫಿಯಾಕ್ಕೆ. ಸ್ಟಾರ್‌ಬಕ್ಸ್ ಮೇ 29ರ ಮಧ್ಯಾಹ್ನ ಅಮೆರಿಕದ 8,000ಕ್ಕೂ ಜಾಸ್ತಿ ಅಂಗಡಿಗಳನ್ನು ಮುಚ್ಚಿ, ಸುಮಾರು 1,75,000 ನೌಕರರಿಗೆ ಜನಾಂಗ ಭೇದದ ಬಗ್ಗೆ ತರಬೇತಿ ಕೊಟ್ಟಿತು. ಏನೂ ಕೊಳ್ಳದಿದ್ದರೂ ಕೂರಬಹುದು, ಟಾಯ್ಲೆಟ್ ಬಳಸಬಹುದು ಅಂದಿತು. ಒಂದು ಮಧ್ಯಾಹ್ನದ ಪಾಠದಲ್ಲಿ ಎಷ್ಟು ಬದಲಾಗುತ್ತದೆ ಅನ್ನುವುದು ಪಾಠ ಹೇಳಿಯೇ ಹೊಟ್ಟೆ ಹೊರೆಯುವ ನನಗೆ ಚೆನ್ನಾಗಿ ಗೊತ್ತು. ಇದಕ್ಕೆ ಒಂದು ಬಾಲವೂ ಇದೆ. ಈ ಗಲಾಟೆಯ ನಂತರ ಕೆಲಸ ಕಳೆದುಕೊಂಡ, ಆ ಭಾಗದ ಮೇಲ್ವಿಚಾರಣೆ ನೋಡುತ್ತಿದ್ದ ಬಿಳಿಯ ಅಧಿಕಾರಿಯೊಬ್ಬರು, ನಾನು ಬಿಳಿಯಳು ಅಂತಲೇ ನನ್ನನ್ನು ತೆಗೆದರು ಅಂತ ಕೇಸು ಹಾಕಿದರು. 2023ರಲ್ಲಿ ಜ್ಯೂರಿ ಅವರಿಗೆ 2.56 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಬಂಧನಕ್ಕೆ ಒಳಗಾದ ಹುಡುಗರು ನಗರಸಭೆಯಿಂದ ತೆಗೆದುಕೊಂಡದ್ದು ತಲಾ ಒಂದು ಡಾಲರ್. ಜೊತೆಗೆ, ಸ್ವಂತ ವ್ಯಾಪಾರ ಶುರು ಮಾಡುವ ಎಳೆಯರಿಗಾಗಿ 2,00,000 ಡಾಲರಿನ ಒಂದು ಯೋಜನೆ ಮಾಡಿಸಿಕೊಂಡರು. ಕಂಪನಿಯ ಜೊತೆ ಅವರು ಬೇರೆ ರಾಜಿ ಮಾಡಿಕೊಂಡರು, ಆ ಮೊತ್ತ ಹೊರಗೆ ಬರಲಿಲ್ಲ.

ನನಗೆ ಇವೆಲ್ಲಕ್ಕಿಂತ ಮುಖ್ಯ ಅನಿಸುವುದು ಪೊಲೀಸ್ ಇಲಾಖೆ 2018ರ ಜೂನಿನಲ್ಲೇ ಹೊರಡಿಸಿದ ಹೊಸ ಆದೇಶ. ಪತ್ರಿಕೆಗಳಲ್ಲಿ ಅದಕ್ಕೆ ಅಷ್ಟು ಜಾಗ ಸಿಗಲಿಲ್ಲ. ಇಂಥ ಕರೆ ಬಂದಾಗ ಮೊದಲು ಸಮಾಧಾನ ಮಾಡಿ ಬಗೆಹರಿಸಲು ನೋಡಬೇಕು. ಹೋಗಿ ಅಂತ ಹೇಳಿದ ಮೇಲೂ ಆ ವ್ಯಕ್ತಿ ಒಲ್ಲೆ ಅನ್ನುವುದನ್ನು ಅಧಿಕಾರಿ ತಾನೇ ಎದುರಿಗೆ ನೋಡಿರಬೇಕು. ಅಂಗಡಿಯವರು ಹೇಳಿದ್ದನ್ನಷ್ಟೇ ನಂಬಿ ಹಿಡಿಯುವ ಹಾಗಿಲ್ಲ. ಇದಕ್ಕಾಗಿ ರಾಜ್ಯದ ಕಾನೂನನ್ನು ತಿದ್ದಬೇಕಾಗಿ ಬರಲಿಲ್ಲ. ಅಂದರೆ ಆ ಗುರುವಾರವೂ ಪೊಲೀಸರು ಇದನ್ನೆಲ್ಲ ಮಾಡಬಹುದಿತ್ತು. ದಾರಿ ಇತ್ತು. ನಡೆಯಲಿಲ್ಲ.

ಇನ್ನು ಪ್ರಶ್ನೆಗಳು. ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ನಮ್ಮ ಕಾನೂನಿನಲ್ಲಿ ಹೀಗೆ ಕೂತರೆ ಅಪರಾಧನಾ?"

ಬರೀ ಕೂತರೆ ಅಲ್ಲಮ್ಮ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ನೋಡಿ. ಹಿಂದೆ ದಂಡ ಸಂಹಿತೆಯ 441ರಲ್ಲಿ ಇದ್ದದ್ದೇ. ಅಪರಾಧ ಮಾಡುವ, ಇಲ್ಲವೇ ಆ ಜಾಗದವರನ್ನು ಹೆದರಿಸುವ, ಅವಮಾನಿಸುವ, ಕಿರಿಕಿರಿ ಮಾಡುವ ಉದ್ದೇಶ ಇರಬೇಕು. ಆ ಉದ್ದೇಶ ಅನ್ನುವ ಪದ ನಮ್ಮಲ್ಲಿ ಒಂದು ತಡೆ. ಇನ್ನೊಂದು ವಿಷಯ. ಅಂಗಡಿ, ಹೋಟೆಲುಗಳಿಗೆ ಹೋಗಲು ಜಾತಿ, ಧರ್ಮ, ಜನಾಂಗದ ಅಡ್ಡಿ ಇರಬಾರದು ಅಂತ ನಮ್ಮ ಸಂವಿಧಾನದ 15ನೇ ವಿಧಿ 1950ರಲ್ಲೇ ಹೇಳಿತು. ಅಮೆರಿಕಕ್ಕಿಂತ ಹದಿನಾಲ್ಕು ವರ್ಷ ಮುಂಚೆ. ಹಾಗಂತ ಎದೆ ಉಬ್ಬಿಸಬೇಡಿ. 2024ರಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಬಾಗಿಲಲ್ಲೇ ತಡೆದರು. ಮಗ ಜೊತೆಗಿದ್ದ, ಕೈಯಲ್ಲಿ ಸಿನಿಮಾ ಟಿಕೆಟ್ ಇತ್ತು. ಅಲ್ಲಿ ಪೊಲೀಸರನ್ನು ಕರೆಯುವ ಅಗತ್ಯವೂ ಬರಲಿಲ್ಲ. ಸೆಕ್ಯುರಿಟಿಯವನ ಕೈಯೇ ಸಾಕಾಯಿತು.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಅಲ್ಲಿರುವ ನಮ್ಮವರಿಗೂ ಇದಕ್ಕೂ ಏನು ಸಂಬಂಧ?"

ಎರಡೂ ಕಡೆಯಿಂದ ಸಂಬಂಧ ಇದೆ ಸ್ವಾಮಿ. ಅಮೆರಿಕದ ಮೋಟೆಲ್‌ಗಳಲ್ಲಿ ದೊಡ್ಡ ಪಾಲು ಭಾರತೀಯ ಮೂಲದವರದು, ಅದರಲ್ಲೂ ಗುಜರಾತಿಗಳದು. ಅಂದರೆ ಫೋನ್ ಎತ್ತುವ ಕೈ ಎಷ್ಟೋ ಸಲ ನಮ್ಮದೇ. ಇನ್ನೊಂದು ಕಡೆ, 2015ರ ಫೆಬ್ರವರಿಯಲ್ಲಿ ಗುಜರಾತಿನಿಂದ ಹೋಗಿದ್ದ 57 ವರ್ಷದ ಒಬ್ಬರು ಅಲಬಾಮಾದ ಮ್ಯಾಡಿಸನ್ ಊರಲ್ಲಿ, ಮಗನ ಮನೆಯ ಮುಂದಿನ ರಸ್ತೆಯಲ್ಲಿ ಬೆಳಗ್ಗೆ ನಡೆದು ಹೋಗುತ್ತಿದ್ದರು. ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದವರು. ನೆರೆಯವರೊಬ್ಬರು, ಸಣಕಲು ಕಪ್ಪು ಮನುಷ್ಯ ಒಬ್ಬ ಓಡಾಡುತ್ತಿದ್ದಾನೆ ಅಂತ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸಿನವನು ನೆಲಕ್ಕೆ ಬೀಳಿಸಿದ ಹೊಡೆತಕ್ಕೆ ಅವರ ದೇಹಕ್ಕೆ ಭಾಗಶಃ ಲಕ್ವ ಹೊಡೆಯಿತು. ಇಂಗ್ಲಿಷ್ ಬರುವುದಿಲ್ಲ ಅಂತ ಹೇಳುವಷ್ಟೇ ಇಂಗ್ಲಿಷ್ ಅವರಿಗೆ ಬರುತ್ತಿತ್ತು. ಆ ಅಧಿಕಾರಿಯ ಮೇಲೆ ಎರಡು ಸಲ ವಿಚಾರಣೆ ನಡೆದರೂ ಜ್ಯೂರಿಯವರಲ್ಲಿ ಒಮ್ಮತ ಬರಲಿಲ್ಲ. 2016ರಲ್ಲಿ ನ್ಯಾಯಾಧೀಶರು ಖುಲಾಸೆ ಮಾಡಿದರು.

ಹೊತ್ತಾಯಿತು, ಕೊನೆಯದೊಂದು ಸುದ್ದಿ ಹೇಳಿಬಿಡುತ್ತೇನೆ. 2018ರಲ್ಲಿ ಯಾರು ಬೇಕಾದರೂ ಬಂದು ಕೂರಬಹುದು ಅಂದಿದ್ದ ಸ್ಟಾರ್‌ಬಕ್ಸ್, 2025ರ ಜನವರಿಯಲ್ಲಿ ಉತ್ತರ ಅಮೆರಿಕದ ತನ್ನ ಅಂಗಡಿಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಈಗ ಕೂರಬೇಕಾದರೂ ಟಾಯ್ಲೆಟ್ ಬಳಸಬೇಕಾದರೂ ಏನಾದರೂ ಕೊಳ್ಳಬೇಕು. ಹೊಸ ನಡವಳಿಕೆಯ ಪಟ್ಟಿ ಅಂಗಡಿಗಳಲ್ಲಿ ಹಾಕಿದ್ದಾರೆ. ಪಾಲಿಸದವರನ್ನು ಹೊರಗೆ ಹೋಗಲು ಕೇಳಲಾಗುವುದು, ಬೇಕಾದರೆ ಪೊಲೀಸರ ಸಹಾಯ ಪಡೆಯಲಾಗುವುದು ಅಂತ ಅದರಲ್ಲಿ ಬರೆದಿದೆ. ಹೊರಗೆ ಹೋಗಿ ಅಂತ ಕೇಳುವುದಕ್ಕೆ ಮುಂಚೆ ಎಷ್ಟು ನಿಮಿಷ ಕಾಯಬೇಕು ಅನ್ನುವುದನ್ನು ಮಾತ್ರ ಬರೆದಿಲ್ಲ.